ತೂಕಕ್ಕೆ ಮುಂಚೆ ಮುಟ್ಟಿದ ಕೈ

ತಕ್ಕಡಿಯಕ್ಕನಿಗೆ ಕ್ಷಮಿಸುವ ಗುಣ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ಅವಳ ಮನಸ್ಸು ಯಾವಾಗ ಕರಗುತ್ತದೋ ಎಂದು ಕಾಯುತ್ತಾ ಕೂರುತ್ತಾರೆ. ಒಲೆಯ ಮೇಲೆ ಹಾಲು ಉಕ್ಕಿಸಿದ ಗಂಡನನ್ನು ಅವಳು ಸಂಜೆಯೊಳಗೆ ಕ್ಷಮಿಸುತ್ತಾಳೆ. ಬಸ್ಸಿನಲ್ಲಿ ಕಾಲು ತುಳಿದವರನ್ನು ಮುಂದಿನ ನಿಲ್ದಾಣದೊಳಗೆ ಕ್ಷಮಿಸುತ್ತಾಳೆ. ಒಬ್ಬನನ್ನು ಮಾತ್ರ ಹದಿನಾಲ್ಕು ವರ್ಷ ಹೊಟ್ಟೆಯೊಳಗೆ ಕುದಿಸುತ್ತಲೇ ಇಟ್ಟುಕೊಂಡಿದ್ದಳು, ಒಂದು ದಿನವೂ ಆರಲು ಬಿಡಲಿಲ್ಲ. ಅವನನ್ನು ಮಣ್ಣುಮುಕ್ಕಿಸಿದ ಕಥೆ ಇದು. ಅವಳ ಬಾಳಿನಲ್ಲಿ ಬೇರೆ ಒಳ್ಳೆಯ ಸಂಗತಿಗಳೂ ನಡೆದಿವೆ, ಅವನ್ನು ಬೇರೆ ಯಾರಾದರೂ ಬರೆದುಕೊಳ್ಳಲಿ.

ಕುದುರೆ ರೇಸಿನ ಮೈದಾನದಲ್ಲಿ ಅವಳದು ತೂಕದ ಕೋಣೆಯ ಕೆಲಸ. ಓಟಕ್ಕೆ ಮುಂಚೆ ಒಂದು ಸಲ, ಓಟ ಮುಗಿದ ಮೇಲೆ ಒಂದು ಸಲ, ಜಾಕಿಯಾದವರು ತಮ್ಮ ಜೀನನ್ನು ತೊಡೆಯ ಮೇಲಿಟ್ಟುಕೊಂಡು ತಕ್ಕಡಿಯ ಕುರ್ಚಿಯಲ್ಲಿ ಕೂರಬೇಕು. ಎರಡು ತೂಕವೂ ತಾಳೆಯಾಗಬೇಕು. ಕೋಣೆ ದೊಡ್ಡದೇನಲ್ಲ. ಎದೆಮಟ್ಟದವರೆಗೆ ಹಸಿರು ಬಣ್ಣ ಬಳಿದ ಗೋಡೆ, ಆಳೆತ್ತರದ ಮುಳ್ಳಿನ ತಕ್ಕಡಿ, ಸವೆದು ಹೊಳೆಯುವ ಚರ್ಮದ ಕುರ್ಚಿ, ಒಂದು ಮೇಜು, ಅಂಗಳಕ್ಕೆ ತೆರೆದುಕೊಂಡ ಅಗಲ ಗಾಜಿನ ಕಿಟಕಿ. ಬೆವರು, ಒದ್ದೆ ಚರ್ಮ, ನೋವಿನ ಎಣ್ಣೆ, ಈ ಮೂರೂ ಸೇರಿದ ವಾಸನೆ ಅವಳ ಸೀರೆಗೆ ಅಂಟಿಕೊಂಡು ಮನೆಗೂ ಬರುತ್ತಿತ್ತು. ಬೆವರಿಗೆಂದು ಬಿಟ್ಟ ಅಳತೆ ದಾಟಿ ಮುಳ್ಳು ಒಂದು ಕೂದಲೆಳೆ ಆಚೆ ನಿಂತರೂ ಅವಳು ಒಪ್ಪುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಕೂತ ಜಾಕಿಗಳಿಗೆ, "ಉಸಿರು ಬಿಡಪ್ಪಾ, ಅದಕ್ಕೇನೂ ತೂಕ ಇಲ್ಲ" ಅನ್ನುತ್ತಿದ್ದಳು. ಹಾಗಾಗಿ ತಕ್ಕಡಿಯಕ್ಕ ಎಂಬ ಹೆಸರು.

ಆ ಕೋಣೆಗೆ ಸಂಬಂಧಿಸಿದ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಅದು ಗೊತ್ತಿಲ್ಲದೆ ಈ ಕಥೆ ಮುಂದೆ ಸಾಗುವುದಿಲ್ಲ. ಹಿಂದೆ ಕೆಲವು ಖದೀಮರು ಓಟದಲ್ಲಿ ಜಾಕಿಯನ್ನು ಕುದುರೆ ಹೊರಬೇಕಾದ ಭಾರಕ್ಕಿಂತ ಹಗುರವಾಗಿ ಓಡಿಸಿ, ಓಟ ಮುಗಿದ ಮೇಲೆ ಬೆನ್ನು ತಟ್ಟುವ ನೆಪದಲ್ಲಿ ಸೀಸದ ಬಿಲ್ಲೆ ಸೇರಿಸಿ ತೂಕ ಸರಿದೂಗಿಸುತ್ತಿದ್ದರಂತೆ. ಅದಕ್ಕಾಗಿ ಜಾಕಿ ಕುದುರೆಯಿಂದ ಇಳಿದ ಗಳಿಗೆಯಿಂದ ತಕ್ಕಡಿಯಲ್ಲಿ ಕೂರುವವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಹೆತ್ತ ತಾಯಿಯೂ ಅಪ್ಪಿಕೊಳ್ಳುವ ಹಾಗಿಲ್ಲ. ಇಳಿಯುವ ಜಾಗದಿಂದ ಕೋಣೆಯ ಬಾಗಿಲವರೆಗೆ ಹಳದಿ ಬಣ್ಣದ ಎರಡು ಗೆರೆ ಎಳೆದಿದ್ದಾರೆ, ಹದಿನೆಂಟು ಹೆಜ್ಜೆ ದೂರ. ಆ ಹದಿನೆಂಟು ಹೆಜ್ಜೆಯೊಳಗೆ ಯಾರ ಕೈ ತಾಗಿದರೂ ಗೆಲುವು ತೂಗುಯ್ಯಾಲೆಯ ಮೇಲೆ. ಸೀಸ ಇಟ್ಟದ್ದು ಸಾಬೀತಾದರೆ ಗೆಲುವೂ ಹೋಯಿತು, ತರಬೇತುದಾರ ಜೀವಮಾನ ಪೂರ್ತಿ ಹೊರಗೆ, ಮೇಲೆ ಜೈಲು.

ಇನ್ನು ಆ ಮನುಷ್ಯ. ಅವನು ಮೈದಾನದ ಅತಿ ದೊಡ್ಡ ಲಾಯದ ತರಬೇತುದಾರ. ಎಲ್ಲರೂ ಅವನನ್ನು ಕೈಗುಣದ ಯಜಮಾನ ಎನ್ನುತ್ತಿದ್ದರು. ಅವನು ತಟ್ಟಿದ ಕುದುರೆ ಗೆಲ್ಲುತ್ತದೆ ಎಂದು ನಂಬಿಕೆ, ಆ ನಂಬಿಕೆಯನ್ನು ಅವನೇ ಮೊದಲು ಹಬ್ಬಿಸಿದ್ದು. ಕುದುರೆಯ ಮೈ ಮೇಲೆ ಅವನ ಕೈ ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಲಾಯದ ಹೆಂಗಸರ ಮೈ ಮೇಲೂ ಅದೇ ಕೈ ಓಡಾಡುತ್ತಿತ್ತು. ಕುದುರೆಗೆ ಇಷ್ಟವಾಗದಿದ್ದರೆ ಅದು ಒದೆಯಬಹುದಿತ್ತು. ಹೆಂಗಸರಿಗೆ ಆ ಸೌಲಭ್ಯ ಇರಲಿಲ್ಲ.

ತಕ್ಕಡಿಯಕ್ಕ ಮೊದಲು ಅವನ ಲಾಯದಲ್ಲೇ ಇದ್ದವಳು. ನಾಲ್ಕು ಕುದುರೆಗಳ ಮೈ ಉಜ್ಜುವುದು, ನಡೆಸುವುದು, ಗೊರಸು ಕೆರೆದು ಸ್ವಚ್ಛ ಮಾಡುವುದು ಅವಳ ಪಾಲಿಗೆ. ಕುದುರೆಯ ಹಿಂಗಾಲನ್ನು ತೊಡೆಯ ಮೇಲೆ ಎಳೆದುಕೊಂಡು ಬಗ್ಗಿ ನಿಂತಾಗ ಎರಡು ಕೈಯೂ ಬಂದಿ. ಕಾಲನ್ನು ದಿಢೀರನೆ ಬಿಟ್ಟರೆ ಕುದುರೆ ಬೆದರುತ್ತದೆ, ಕೂಗಿದರೂ ಬೆದರುತ್ತದೆ. ಅವನು ಹುಡುಕಿ ಹುಡುಕಿ ಆ ಹೊತ್ತಿಗೇ ಬರುತ್ತಿದ್ದ, ರಬ್ಬರ್ ಅಡಿಯ ಬೂಟು ಹಾಕಿಕೊಂಡು, ಸದ್ದಿಲ್ಲದೆ. ಹಿಂದಿನಿಂದ ಬಂದು ಕೈ ಇಟ್ಟು, "ಕುದುರೆ ಹೇಗಿದೆ?" ಎಂದು ಕೇಳುತ್ತಿದ್ದ. ಉತ್ತರ ಬರುವವರೆಗೂ ಕೈ ತೆಗೆಯುತ್ತಿರಲಿಲ್ಲ, ಬಂದ ಮೇಲೂ ತೆಗೆಯುತ್ತಿರಲಿಲ್ಲ. ಮಗಳು ಆಗ ಮೂರನೇ ತರಗತಿ. ಗಂಡ ಅದೇ ಲಾಯಕ್ಕೆ ಲಾಳ ಹೊಡೆಯುವವನು. ಅವಳು ಎರಡು ವರ್ಷ ಹಲ್ಲು ಕಚ್ಚಿಕೊಂಡಳು.

ಒಂದು ಬೆಳಿಗ್ಗೆ ತಡೆಯಲಾಗದೆ ಕೈಯಲ್ಲಿದ್ದ ಕಾಲನ್ನು ಬಿಟ್ಟು ತಿರುಗಿದಳು. ಕುದುರೆ ಒದೆಯಿತು. ಒದೆ ಬಿದ್ದದ್ದು ಅವಳ ಪಕ್ಕೆಗೆ, ಅವನಿಗಲ್ಲ. ಎರಡು ಎಲುಬು ಮುರಿದವು. ಪಟ್ಟಿ ಕಟ್ಟಿಸಿಕೊಂಡೇ ಹೋಗಿ ಮೈದಾನದ ಮೂವರು ತೀರ್ಪುಗಾರರಿಗೆ ದೂರು ಕೊಟ್ಟಳು. ಮಧ್ಯದಲ್ಲಿ ಕೂತ ದೊಡ್ಡ ತೀರ್ಪುಗಾರ ಕನ್ನಡಕ ಒರೆಸುತ್ತಾ ಕೇಳಿದ: "ಯಾರಾದರೂ ನೋಡಿದವರು ಇದ್ದಾರೇನಮ್ಮ?"

"ನಾನಿದ್ದೆ, ಅವರಿದ್ದರು, ಕುದುರೆ ಇತ್ತು" ಅಂದಳು.

ಮೂವರೂ ನಕ್ಕರು. ಕೆಟ್ಟ ನಗು ಕೂಡ ಅಲ್ಲ, ಮಗು ಏನೋ ತೊದಲಿದಾಗ ನಗುವ ನಗು. ಅದು ಅವಳನ್ನು ಎಲುಬಿಗಿಂತ ಹೆಚ್ಚು ನೋಯಿಸಿತು. ಮರುದಿನ ಅವಳ ಕೆಲಸ ಹೋಯಿತು. ಗಂಡನಿಗೂ ಆ ಲಾಯದ ಬಾಗಿಲು ಮುಚ್ಚಿತು.

ಗಂಡ ಒಳ್ಳೆಯವನು. ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಕೆಲಸ ಮಾಡಿ ಅಭ್ಯಾಸವಾದ್ದರಿಂದ ಅವನ ಮಾತುಗಳೆಲ್ಲ ಗಿಡ್ಡ. "ಬಿಟ್ಟುಬಿಡು" ಅಂದ. ಅವಳು ಬಿಡಲಿಲ್ಲ. ತೂಕದ ಕೋಣೆಯಲ್ಲಿ ಕಸ ಗುಡಿಸುವ ಕೆಲಸ ಖಾಲಿ ಇತ್ತು, ಹಿಡಿದಳು. ನೆಲ ಒರೆಸುತ್ತಾ ತಕ್ಕಡಿ ನೋಡುವುದನ್ನು ಕಲಿತಳು, ಆಮೇಲೆ ಸಹಾಯಕಿ, ಆಮೇಲೆ ಪರೀಕ್ಷೆ. ಒಂಬತ್ತು ವರ್ಷದ ಕೊನೆಗೆ ಆ ಕುರ್ಚಿ, ಆ ಮೇಜು, ಆ ಕಿಟಕಿ ಅವಳದಾದವು. ಯಾಕೆ ಅದೇ ಕೋಣೆ ಎಂದು ಯಾರಾದರೂ ಕೇಳಿದ್ದರೆ ಅವಳಿಗೂ ಸರಿಯಾಗಿ ಹೇಳಲು ಆಗುತ್ತಿರಲಿಲ್ಲ. ಆ ಕಿಟಕಿಯ ಮುಂದೆ ಎಲ್ಲ ತರಬೇತುದಾರರೂ ಬಂದು ನಿಲ್ಲಲೇಬೇಕಿತ್ತು, ಅಷ್ಟು ಸಾಕಾಗಿತ್ತು. ಅವನೂ ಬರುತ್ತಿದ್ದ. "ಏನಮ್ಮ ತಕ್ಕಡಿ, ಚೆನ್ನಾಗಿದೀಯಾ?" ಎಂದು ಸಲೀಸಾಗಿ ಕೇಳುತ್ತಿದ್ದ. ದೂರು ಕೊಟ್ಟವಳು ಇವಳೇ ಎಂಬುದು ಅವನಿಗೆ ನೆನಪಿತ್ತು, ಆದರೆ ಹೋದ ವರ್ಷದ ನೆಗಡಿ ನೆನಪಿರುವಷ್ಟು. ಅದೇ ಅವಳ ಹೊಟ್ಟೆಗೆ ಬೆಂಕಿ ಇಡುತ್ತಿತ್ತು.

ಹೀಗಿರುವಾಗ ಎಲ್ಲರೂ ಕಡ್ಡಿ ಎಂದು ಕರೆಯುವವಳು ಬಂದಳು. ಇಪ್ಪತ್ತೆರಡರ ಹುಡುಗಿ, ನಲವತ್ತೆಂಟು ಕಿಲೋ, ಮೂಗಿನ ತುದಿಯಲ್ಲೇ ಸಿಟ್ಟು. ಅವನ ಲಾಯದ ಹೊಸ ಜಾಕಿ. ಕುದುರೆಯ ಮೇಲೆ ಕೂತರೆ ಅಂಟಿಸಿದ ಹಾಗೆ ಕೂರುತ್ತಿದ್ದಳು. ನಾಲ್ಕು ತಿಂಗಳಲ್ಲಿ ತಕ್ಕಡಿಯ ಮುಳ್ಳು ನಲವತ್ತಾರಕ್ಕೆ ಇಳಿಯಿತು. ಜಾಕಿಗಳು ತೂಕ ಇಳಿಸುವುದು ಹೊಸದಲ್ಲ, ಆದರೆ ಇಳಿಸಬೇಕಾದ ಅಗತ್ಯವೇ ಇಲ್ಲದ ಹುಡುಗಿ ಇಳಿಯುತ್ತಿದ್ದಾಳೆ ಎಂದರೆ ತಕ್ಕಡಿಯಕ್ಕನಿಗೆ ಅರ್ಥ ಗೊತ್ತಿತ್ತು. ಒಂದು ಮಧ್ಯಾಹ್ನ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಊಟ ಸೇರ್ತಿಲ್ವಾ?" ಎಂದು ಕೇಳಿದಳು.

"ಸೇರ್ತದೆ ಅಕ್ಕಾ."

"ಕುದುರೆ ಹತ್ತಿಸುವಾಗ ಕಾಲಿಗೆ ಕೈ ಕೊಡ್ತಾನಲ್ಲ, ಆ ಕೈ ಎಲ್ಲಿಗೆ ಹೋಗುತ್ತೆ?"

ಹುಡುಗಿ ಬೆಚ್ಚಿ ನೋಡಿದಳು. ಆಮೇಲೆ ಜೀನಿನ ಬಕಲ್ಲನ್ನು ತಿರುಗಿಸುತ್ತಾ ಎಲ್ಲ ಹೇಳಿದಳು. ಜಗಳ ಆಡಿದರೆ ಮರುವಾರ ಅವಳಿಗೆ ಕುದುರೆ ಸಿಗುವುದಿಲ್ಲ. ಸುಮ್ಮನಿದ್ದರೆ ಸಿಗುತ್ತದೆ. "ದೂರು ಕೊಡೋಣ ಅಂತಿದೀನಿ" ಅಂದಳು.

"ಕೊಡಬೇಡ. ನೋಡಿದವರು ಯಾರು ಅಂತ ಕೇಳ್ತಾರೆ."

ಹಾಗೆ ಹೇಳಿ ಕಳಿಸಿದ ಮೇಲೆ ತಕ್ಕಡಿಯಕ್ಕ ಕಿಟಕಿಯ ಆಚೆಗಿದ್ದ ಹಳದಿ ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಆ ಮನುಷ್ಯ ಮೂವತ್ತು ವರ್ಷದ ಅನುಭವಿ. ತೂಕಕ್ಕೆ ಮುಂಚೆ ಯಾವ ಗಂಡು ಜಾಕಿಯ ಹತ್ತಿರವೂ ಸುಳಿದವನಲ್ಲ. ಗೆದ್ದವನ ಕೈ ಕುಲುಕಲೂ ತೂಕ ಮುಗಿಯುವವರೆಗೆ ಕಾಯುತ್ತಿದ್ದ. ಆದರೆ ಕಡ್ಡಿ ಅವನ ಕೈಗೆ ಜಾಕಿಯೇ ಆಗಿರಲಿಲ್ಲ, ಲಾಯದ ಹೆಣ್ಣಾಗಿದ್ದಳು. ಕಳೆದ ತಿಂಗಳು ಅವಳು ಮೂರನೆಯವಳಾಗಿ ಬಂದಾಗ ಅವನು ಗೆರೆಯೊಳಗೆ ನಡೆದುಬಂದು ಅವಳ ಪಕ್ಕಕ್ಕೆ ಬಂದಿದ್ದ, ಅವಳು ಕುದುರೆಯ ಆಚೆ ಬದಿಗೆ ಸರಿದುಕೊಂಡಿದ್ದಳು. ಸರಿಯದಿದ್ದರೆ ಮುಟ್ಟುತ್ತಿದ್ದ. ಗೆದ್ದ ದಿನ, ತಲೆ ತಿರುಗಿದ ಖುಷಿಯಲ್ಲಿ, ಖಂಡಿತ ಮುಟ್ಟುತ್ತಾನೆ. ಮುಟ್ಟಿದರೆ ನೋಡಬೇಕಾದವಳು ತಾನು. ವಿಚಾರಣೆಗೆ ಕರೆಯುವ ಗಂಟೆ ಒತ್ತಬೇಕಾದವಳೂ ತಾನೇ. ಅದು ಕೆಲಸ, ಯಾರೂ ಸೇಡು ಅನ್ನುವ ಹಾಗಿಲ್ಲ.

ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಅವನು ಅಂಗಳದಲ್ಲಿ ಸುತ್ತಿಗೆಯ ಹಿಡಿ ಕೂಡಿಸುತ್ತಿದ್ದ. ಪೂರ್ತಿ ಕೇಳಿಸಿಕೊಂಡು ಅಂದ: "ಸೇಡು ನಿಂದು. ಗೆಲುವು ಅವಳದು."

ಇಷ್ಟು ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇನೂ ಅಲ್ಲ, ಆದರೆ ಅತಿ ಭಾರದ್ದು. ಗಂಟೆ ಒತ್ತಿದರೆ ಆ ಹುಡುಗಿಯ ಮೊದಲ ದೊಡ್ಡ ಗೆಲುವು ಗಾಳಿಗೆ ಹೋಗಬಹುದು. ಇನ್ನೊಂದು ಅಂಥ ಕುದುರೆ ಅವಳಿಗೆ ಸಿಗದೇ ಹೋಗಬಹುದು. ಮೂರು ದಿನ ಗಂಡನ ಜೊತೆ ಮಾತು ಬಿಟ್ಟಳು, ಅವನು ಹೇಳಿದ್ದು ಸರಿ ಇತ್ತೆಂಬ ಸಿಟ್ಟಿಗೆ. ನಾಲ್ಕನೇ ದಿನ ಕಡ್ಡಿಯನ್ನು ಕರೆದು ನಿಯಮ, ಗೆರೆ, ಗಂಟೆ ಎಲ್ಲವನ್ನೂ ಬಿಡಿಸಿ ಹೇಳಿದಳು.

"ನಾನು ಗೆದ್ದಿದ್ದು ಹೋಗಿಬಿಡುತ್ತಾ?" ಎಂದು ಹುಡುಗಿ ಕೇಳಿದಳು.

"ಹೋಗಬಹುದು. ನಿನ್ನ ತಲೆ ಸವರಿ ಸುಳ್ಳು ಹೇಳಲ್ಲ. ಬೇಡ ಅಂದ್ರೆ ನಾನು ಆ ಗಳಿಗೆ ಮುಳ್ಳು ನೋಡ್ತಾ ಇದ್ದೆ ಅಂತೀನಿ."

ಕಡ್ಡಿ ಒಂದು ವಾರ ಆ ಕಡೆ ತಲೆ ಹಾಕಲಿಲ್ಲ. ಎಂಟನೇ ದಿನ ತೂಕಕ್ಕೆ ಕೂತವಳು ಎದ್ದು ಹೋಗುವಾಗ ಹೇಳಿದಳು: "ಅಕ್ಕಾ, ಕಂಡರೆ ಕಂಡಿತು ಅನ್ನಿ. ನಾನು ಅವನಿಂದ ತಪ್ಪಿಸಿಕೊಳ್ಳೋಕೆ ಕುದುರೆ ಹಿಂದೆ ಬಚ್ಚಿಟ್ಟುಕೊಂಡು ನಡೆಯೋದು ಇನ್ನು ಮುಂದೆ ಆಗಲ್ಲ. ಗೆದ್ದರೆ ಗೆರೆ ಮಧ್ಯದಲ್ಲೇ ನಡೀತೀನಿ."

ವರ್ಷದ ದೊಡ್ಡ ಓಟ ಮಧ್ಯಾಹ್ನ ಮೂರೂವರೆಗೆ. ಕಡ್ಡಿ ಹತ್ತಿದ್ದು ಒಂದು ಕಂದು ಹೆಣ್ಣು ಕುದುರೆ. ಕೊನೆಯ ತಿರುವಿನಲ್ಲಿ ಅದು ಐದನೆಯದಿತ್ತು. ತಕ್ಕಡಿಯಕ್ಕ ಕಿಟಕಿಯಿಂದ ಓಟ ನೋಡಲಾರಳು, ಧ್ವನಿವರ್ಧಕದಲ್ಲಿ ಕೇಳಿಸಿಕೊಳ್ಳುತ್ತಾಳೆ, ಅಷ್ಟೇ. ಐದನೆಯದು ಮೂರಾಯಿತು, ಎರಡಾಯಿತು, ಆಮೇಲೆ ಜನರ ಕೂಗಿನಲ್ಲಿ ಧ್ವನಿವರ್ಧಕವೇ ಮುಳುಗಿತು. ಕಂದು ಕುದುರೆ ಒಂದು ಕತ್ತಿನಷ್ಟು ಮುಂದೆ.

ಅಂಗಳಕ್ಕೆ ಬಂದು ಕಡ್ಡಿ ಇಳಿದಳು. ಜೀನು ಬಿಚ್ಚಿದಳು. ಅದನ್ನು ಎರಡು ಕೈಯಲ್ಲೂ ಅವುಚಿ ಸೊಂಟಕ್ಕೆ ಆನಿಸಿಕೊಂಡಳು. ಜೀನಿನ ಕೆಳಗೆ ಹಾಕುವ ಬಟ್ಟೆ ಹಿಂಬದಿಗೆ ಇಳಿಬಿದ್ದಿತ್ತು. ಕಡ್ಡಿಯಂಥ ಹಗುರದವರ ತೂಕ ಸರಿದೂಗಿಸಲು ಸೀಸದ ಬಿಲ್ಲೆ ಇಡುವ ಜೇಬುಗಳು ಇರುವುದು ಆ ಬಟ್ಟೆಯಲ್ಲೇ. ಅವಳು ಗೆರೆಯೊಳಗೆ ಹೆಜ್ಜೆ ಇಟ್ಟಳು. ಐದನೇ ಹೆಜ್ಜೆಗೆ ಅವನು ಬಂದ, ನಗುತ್ತಾ, ಟೋಪಿ ಹಿಂದಕ್ಕೆ ತಳ್ಳಿಕೊಂಡು. ಸುತ್ತ ಜನ ಇದ್ದುದರಿಂದ ಜಾಣತನ ಮಾಡಿದ. ಕೈಯನ್ನು ಆ ಬಟ್ಟೆಯ ಮರೆಗೆ ತೂರಿಸಿದ. ಹೊರಗಿನವರಿಗೆ ಕಂಡದ್ದು ಯಜಮಾನ ಜಾಕಿಯ ಪಕ್ಕ ನಡೆಯುವುದು ಮಾತ್ರ. ಬಾಗಿಲಿನ ನೇರಕ್ಕಿದ್ದ ಕಿಟಕಿಗೆ ಆ ಕೈ ಬಟ್ಟೆಯ ಕೆಳಗೆ ಹೋದದ್ದು ಕಂಡಿತು. ಕಡ್ಡಿ ಓಡಲಿಲ್ಲ, ಸರಿಯಲಿಲ್ಲ. ಕಣ್ಣನ್ನು ಕಿಟಕಿಯ ಮೇಲಿಟ್ಟು ಹತ್ತನೇ ಹೆಜ್ಜೆ ಇಟ್ಟಳು, ಹನ್ನೊಂದನೆಯದು ಇಟ್ಟಳು.

ತಕ್ಕಡಿಯಕ್ಕ ಗಂಟೆ ಒತ್ತಿದಳು.

ಕೆಂಪು ದೀಪ ಹತ್ತಿತು. ಫಲಿತಾಂಶದ ಹಲಗೆಯ ಮೇಲೆ 'ವಿಚಾರಣೆ' ಎಂಬ ಪದ ಬಂತು. ಟಿಕೆಟ್ ಹಿಡಿದು ಕುಣಿಯುತ್ತಿದ್ದವರು ನಿಂತಲ್ಲೇ ನಿಂತರು. ಎರಡನೆಯದಾಗಿ ಬಂದ ಕುದುರೆಯ ಮಾಲೀಕ, ಗುಂಡಗಿನ ದೊಡ್ಡ ಗಂಟಲಿನ ಮನುಷ್ಯ, ಆಗಲೇ ಮೆಟ್ಟಿಲಿಳಿದು ಓಡಿಬರುತ್ತಿದ್ದ. ಒಳಗೆ ಕಡ್ಡಿ ತಕ್ಕಡಿಯಲ್ಲಿ ಕೂತಳು. ಮುಳ್ಳು ಓಟಕ್ಕೆ ಮುಂಚೆ ನಿಂತ ಜಾಗದಲ್ಲೇ ಬಂದು ನಿಂತಿತು, ಒಂದು ಗುಲಗಂಜಿಯಷ್ಟೂ ವ್ಯತ್ಯಾಸ ಇಲ್ಲ. ಕುದುರೆ ಓಡಿಸಿ ಬೆವರಿದವರು ಸ್ವಲ್ಪವಾದರೂ ಇಳಿದಿರುತ್ತಾರೆ. ಇಷ್ಟು ಕರಾರುವಾಕ್ಕಾಗಿ ಇದ್ದದ್ದು ಅನುಮಾನವನ್ನು ದುಪ್ಪಟ್ಟು ಮಾಡಿತು.

ವಿಚಾರಣೆ ಪಕ್ಕದ ಕೋಣೆಯಲ್ಲಿ. ಅದೇ ದೊಡ್ಡ ತೀರ್ಪುಗಾರ, ಈಗ ಕಿವಿಗೆ ಯಂತ್ರ ಹಾಕಿಕೊಂಡಿದ್ದ, ಅಕ್ಕಪಕ್ಕ ಇಬ್ಬರು. ತೂಕದ ತಕರಾರಿನಲ್ಲಿ ಹೇಳಿಕೆ ಬರೆದುಕೊಳ್ಳುವುದು ತೂಕದ ಕೋಣೆಯವರ ಕೆಲಸ. ಹಾಗಾಗಿ ತಕ್ಕಡಿಯಕ್ಕ ಮೇಜಿನ ತುದಿಯಲ್ಲಿ ಕಾಗದ, ಪೆನ್ನು ಇಟ್ಟುಕೊಂಡು ಕೂತಳು. ಪರದೆಯ ಮೇಲೆ ಅಂಗಳದ ಚಿತ್ರ ಮೂರು ಸಲ ಓಡಿತು. ಮೂರು ಸಲವೂ ಅವನ ಕೈ ಸೀಸದ ಜೇಬು ಇರುವ ಬಟ್ಟೆಯ ಕೆಳಗೆ ಹೋಯಿತು, ಆರು ಹೆಜ್ಜೆ ಅಲ್ಲೇ ಇತ್ತು.

"ಆ ಬಟ್ಟೆ ಕೆಳಗೆ ನಿಮ್ಮ ಕೈಗೇನು ಕೆಲಸ?" ಎಂದು ದೊಡ್ಡ ತೀರ್ಪುಗಾರ ಕೇಳಿದ.

"ಸೀಸ ಇಡೋಕೆ ಹೋಗಲಿಲ್ಲ ಸ್ವಾಮಿ."

"ಸರಿ, ಮತ್ತೇಕೆ ಹೋಯ್ತು? ಕಾರಣ ಇಲ್ಲದೆ ಹೋಗಿದ್ರೆ ಸೀಸಕ್ಕೇ ಹೋಯ್ತು ಅಂತ ನಾವು ಬರೀಬೇಕಾಗುತ್ತೆ. ಆಮೇಲೆ ಪೊಲೀಸರು."

ಅವನು ಬೆವರು ಒರೆಸಿಕೊಂಡ. ಒಂದು ಕಡೆ ಗೆಲುವು, ಪರವಾನಗಿ, ಜೈಲು. ಇನ್ನೊಂದು ಕಡೆ ಬರೀ ಒಂದು ಸಣ್ಣ ಮುಜುಗರ. ಹೆಂಗಸರ ಮೈ ಮುಟ್ಟಿದ್ದಕ್ಕೆ ಆ ಮೈದಾನದಲ್ಲಿ ಯಾವ ಗಂಡಸಿಗೂ ಏನೂ ಆಗಿದ್ದಿಲ್ಲ. ಅವನು ಎದುರಿನ ಮೂವರನ್ನು ನೋಡಿ, ಗಂಡಸರು ಗಂಡಸರಿಗೆ ಕೊಡುವ ಒಂದು ನಗು ಕೊಟ್ಟ.

"ನಿಮಗೆ ಗೊತ್ತಲ್ಲ ಸ್ವಾಮಿ, ಅದೊಂದು ಅಭ್ಯಾಸ. ಹುಡುಗಿಯರು."

ತಕ್ಕಡಿಯಕ್ಕ ತಲೆ ಎತ್ತಲಿಲ್ಲ. "ಅಭ್ಯಾಸ ಅಂತಷ್ಟೇ ಬರೆದ್ರೆ ಮೇಲಿನವರು ಒಪ್ಪಲ್ಲ. ಎಲ್ಲಿ ಮುಟ್ಟಿದಿರಿ ಅಂತ ಬರೀಬೇಕು" ಅಂದಳು. ಅವಳ ದನಿ ಎಂದಿನ ಹಾಗೇ ಇತ್ತು.

"ಸೊಂಟದ ಕೆಳಗೆ. ಬರ್ಕೋ."

"ಇವತ್ತೊಂದೇ ದಿನ ಅಂದ್ರೆ ಇವತ್ತಿನ ಓಟಕ್ಕೇ ಅಂತ ಅನುಮಾನ ಉಳಿಯುತ್ತೆ."

"ಇವತ್ತೊಂದೇ ದಿನ ಯಾಕೆ, ದಿನಾ. ಹತ್ತಿಸುವಾಗ, ಇಳಿಸುವಾಗ."

"ಈ ಜಾಕಿ ಒಬ್ಬಳನ್ನೇನಾ? ಒಬ್ಬಳನ್ನೇ ಅಂದ್ರೆ ಅದೂ ಅನುಮಾನ."

"ಎಲ್ಲರನ್ನೂ" ಅಂದ. ಈಗ ಅವನಿಗೆ ದಾರಿ ಸಲೀಸಾಗಿ ಕಂಡಿತ್ತು, ಕಾಲು ತಾನಾಗಿ ಮುಂದೆ ಹೋಗುತ್ತಿತ್ತು. "ನನ್ನ ಲಾಯದಲ್ಲಿ ಕೆಲಸ ಮಾಡೋ ಹೆಂಗಸರನ್ನೆಲ್ಲ. ಮೂವತ್ತು ವರ್ಷದಿಂದ. ಕುದುರೆ ತಟ್ಟಿದ ಹಾಗೆ ಅದು, ಅದಕ್ಕೆಲ್ಲ ಯಾರನ್ನ ಕೇಳೋದು? ನಂಬಿಕೆ ಇಲ್ಲದಿದ್ರೆ ಇವಳನ್ನೇ ಕೇಳಿ, ಈ ತಕ್ಕಡಿಯಮ್ಮನ್ನ. ಇವಳೂ ನನ್ನ ಲಾಯದಲ್ಲಿ ಇದ್ದವಳೇ."

ದೊಡ್ಡ ತೀರ್ಪುಗಾರನ ಕೈ ಕನ್ನಡಕದ ಹತ್ತಿರ ಹೋಗಿ ಅಲ್ಲೇ ನಿಂತಿತು. ಅವನಿಗೆ ನೆನಪಾಯಿತು. ಅವನಿಗೆ ನೆನಪಾದದ್ದು ತಕ್ಕಡಿಯಕ್ಕನಿಗೆ ಕಂಡಿತು. ಆ ಒಂದು ಗಳಿಗೆಗೆ ಅವಳು ಇನ್ನೂ ಹದಿನಾಲ್ಕು ವರ್ಷ ಬೇಕಾದರೂ ಕಾಯುತ್ತಿದ್ದಳು.

"ಹೌದು. ಇವರು ಹೇಳಿದ್ದು ನಿಜ. ನಾನೇ ಸಾಕ್ಷಿ" ಅಂದಳು. ಅದನ್ನೂ ಬರೆದಳು.

ಕಡ್ಡಿಯನ್ನು ಕೇಳಿದರು. "ನಿಜ. ದಿನಾ. ನಾನು ಬೇಡ ಅಂದಿದ್ದೀನಿ, ಅದನ್ನೂ ಬರೀರಿ" ಅಂದಳು.

ಹೇಳಿಕೆಯನ್ನು ಓದಿ ಹೇಳಿ ಸಹಿ ತೆಗೆದುಕೊಳ್ಳಬೇಕು. ತಕ್ಕಡಿಯಕ್ಕ ಎದ್ದು ನಿಂತು ಒಂದೊಂದೇ ಸಾಲು ಓದಿದಳು, ಮುಳ್ಳಿನ ಅಂಕಿ ಓದುವ ಹಾಗೆ. ಎಲ್ಲಿ ಮುಟ್ಟಿದ್ದು, ಯಾರನ್ನು, ಎಷ್ಟು ವರ್ಷದಿಂದ, ಯಾರನ್ನೂ ಕೇಳದೆ. ಅವನ ಮುಖ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ತಾನು ಆಡಿದಾಗ ಹಗುರವಾಗಿದ್ದ ಮಾತು ಇನ್ನೊಬ್ಬರ ಬಾಯಲ್ಲಿ ಹಾಗೆ ಕೇಳಿಸಲಿಲ್ಲ. ಆದರೆ ಹೊರಗೆ ವರ್ಷದ ಗೆಲುವು ಕಾಯುತ್ತಿತ್ತು. ಸಹಿ ಹಾಕಿದ. ಸೀಸದ ಅನುಮಾನ ಕೈಬಿಟ್ಟರು. ಗೆಲುವು ಕಡ್ಡಿಯದೇ ಎಂದು ತೀರ್ಪಾಯಿತು.

"ವಿಚಾರಣೆ ಆಯ್ತು, ಫಲಿತಾಂಶ ಬದಲಾಗಿಲ್ಲ ಅಂತಷ್ಟೇ ಮೈಕಿನಲ್ಲಿ ಹೇಳಿಸಿ" ಎಂದು ದೊಡ್ಡ ತೀರ್ಪುಗಾರ ಎದ್ದ. ಬಾಗಿಲಲ್ಲಿ ಆ ದೊಡ್ಡ ಗಂಟಲಿನ ಮಾಲೀಕ ಅಡ್ಡ ನಿಂತಿದ್ದ. ತನ್ನ ಕುದುರೆಯನ್ನು ಯಾಕೆ ಎರಡನೆಯದಾಗಿಯೇ ಉಳಿಸಿದಿರಿ, ಆ ಕೈ ಬಟ್ಟೆಯ ಕೆಳಗೆ ಯಾಕೆ ಹೋಯಿತು, ಎಲ್ಲರ ಮುಂದೆ ಪೂರ್ತಿ ಓದಿಸಬೇಕು, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇನೆ ಎಂದು ಅರಚಿದ. ಅವನಿಗೆ ಹೆಂಗಸರ ಮೇಲೆ ಯಾವ ಕನಿಕರವೂ ಇರಲಿಲ್ಲ, ಅವನ ಸಂಕಟ ಅವನದು. ನಿಯಮ ಅವನ ಪರವಾಗಿತ್ತು, ತಕರಾರು ಮಾಡಿದವನು ಕೇಳಿದರೆ ಓದಲೇಬೇಕು. ತಕ್ಕಡಿಯಕ್ಕ ಯಾರೂ ಕೇಳದಿದ್ದರೂ ಆ ನಿಯಮದ ಸಂಖ್ಯೆ ಹೇಳಿದಳು.

ಧ್ವನಿವರ್ಧಕದಲ್ಲಿ ಕುದುರೆಗಳ ನಂಬರು ಓದುವ ಅದೇ ನಿರ್ಭಾವದ ದನಿ ಆ ಹೇಳಿಕೆಯನ್ನು ಓದಿತು. ಮೊದಲು ಕೆಲವರು ಶಿಳ್ಳೆ ಹಾಕಿ ನಕ್ಕರು. 'ಲಾಯದ ಹೆಂಗಸರನ್ನೆಲ್ಲ' ಎಂಬಲ್ಲಿ ನಗು ನಿಂತಿತು. 'ಮೂವತ್ತು ವರ್ಷದಿಂದ' ಎಂಬಲ್ಲಿ ಜನ ಅಂಗಳದ ಕಡೆ ತಿರುಗಿದರು. ಅಲ್ಲಿ ಅವನ ಲಾಯದ ಹೆಂಗಸರು ಕುದುರೆಗಳ ಹಗ್ಗ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬಳೂ ತಲೆ ತಗ್ಗಿಸಲಿಲ್ಲ. ಅವನು ಬಹುಮಾನ ತೆಗೆದುಕೊಳ್ಳಲು ಮೆಟ್ಟಿಲು ಹತ್ತಬೇಕಿತ್ತು. ಎರಡು ಮೆಟ್ಟಿಲು ಹತ್ತಿ ಇಳಿದು ಹಿಂಬಾಗಿಲಿಂದ ಹೋದ. ಕಂದು ಕುದುರೆಯ ಒಡತಿ ಕಡ್ಡಿಯೊಬ್ಬಳನ್ನೇ ಕರೆದು ಬಹುಮಾನದ ಬಟ್ಟಲು ಕೊಟ್ಟಳು, ಮರುದಿನ ಕುದುರೆಯನ್ನು ಆ ಲಾಯದಿಂದ ಬಿಡಿಸಿಕೊಂಡಳು. ಆ ವಾರ ಇನ್ನೂ ಒಂಬತ್ತು ಕುದುರೆಗಳು ಹೋದವು.

ಪರವಾನಗಿ ಸಮಿತಿ ಗುರುವಾರ ಕೂರುವುದೆಂದು ಗೊತ್ತಾಯಿತು. ಬುಧವಾರ ಬೆಳಿಗ್ಗೆ ಅವನು ತೂಕದ ಕೋಣೆಯ ಕಿಟಕಿಗೆ ಬಂದ. ಗಡ್ಡ ಬೋಳಿಸಿರಲಿಲ್ಲ.

"ಅಮ್ಮಾ, ಅವತ್ತು ಗಡಿಬಿಡಿಯಲ್ಲಿ ಏನೇನೋ ಅಂದುಬಿಟ್ಟೆ. ಎರಡು ಸಾಲು ತೆಗೆದುಹಾಕು. ಮನೆಯಲ್ಲಿ ಹೆಂಡತಿ ಮಾತಾಡ್ತಿಲ್ಲ."

ಅವಳಿಗೆ ಅಯ್ಯೋ ಅನ್ನಿಸಬಹುದು ಎಂದು ತಾನೇ ಒಂದು ಗಳಿಗೆ ಕಾದಳು. ಅನ್ನಿಸಲಿಲ್ಲ.

"ಸುಳ್ಳು ಹೇಳಿದ್ದೆ ಅಂತ ಬರ್ಕೊಡಿ, ಸೇರಿಸ್ತೀನಿ" ಅಂದಳು. "ಆದರೆ ಅದು ಸುಳ್ಳಾದರೆ ಕೈ ಸೀಸಕ್ಕೆ ಹೋಗಿತ್ತು ಅಂತಾಗುತ್ತೆ. ಹೊರಗೆ ಆ ಮಾಲೀಕರು ವಕೀಲರನ್ನ ಇಟ್ಟುಕೊಂಡು ಕಾಯ್ತಿದ್ದಾರೆ. ಹುಡುಗಿಯರನ್ನ ಮುಟ್ಟಿದ್ದಾ, ಸೀಸ ಇಟ್ಟಿದ್ದಾ? ಯಾವುದು ಬರೀ ಅಂತೀರೋ ಅದನ್ನ ಬರೀತೀನಿ."

ಅವನು ಅಡಕತ್ತರಿಯಲ್ಲಿ ಸಿಕ್ಕವನಂತೆ ಅವಳನ್ನೇ ನೋಡಿದ. ಬಹುಶಃ ಮೊದಲ ಸಲ ಅವಳ ಮುಖ ಸರಿಯಾಗಿ ನೋಡಿದ. "ನೀನು ಬೇಕಂತಲೇ ಮಾಡಿದೆ" ಅಂದ.

"ಹೌದು" ಅಂದಳು. ಅವನ ಹಿಂದೆ ಮೂವರು ಜಾಕಿಗಳು ಜೀನು ಹೊತ್ತು ನಿಂತಿದ್ದರು. ಅವನಿಗೆ ಪಕ್ಕಕ್ಕೆ ಸರಿಯಲು ಹೇಳಿ ಅವರನ್ನು ಒಳಗೆ ಕರೆದಳು.

ಗುರುವಾರ ಸಮಿತಿಯ ಕೋಣೆಯ ಹಿಂದಿನ ಬೆಂಚುಗಳಲ್ಲಿ ಹದಿನೇಳು ಹೆಂಗಸರು ಕೂತಿದ್ದರು. ಈಗ ಲಾಯದಲ್ಲಿ ಇರುವವರು, ಬಿಟ್ಟು ಹೋದವರು, ಮೊಮ್ಮಗುವನ್ನು ಎತ್ತಿಕೊಂಡು ಬಂದ ಒಬ್ಬಳು. ಕಡ್ಡಿ ಮೊದಲ ಸಾಲಿನಲ್ಲಿದ್ದಳು. ತಕ್ಕಡಿಯಕ್ಕ ಮೇಜಿನ ತುದಿಯಲ್ಲಿ. ಆ ಹೇಳಿಕೆ ನಿಮ್ಮದೇನಾ, ನಿಜವೇನಾ ಎಂದು ಸಮಿತಿ ಕೇಳಿತು. ಅವನ ವಕೀಲ ಕಿವಿಯಲ್ಲಿ ಏನೋ ಹೇಳಿದ, ಮತ್ತೆ ಏನೋ ಹೇಳಿದ, ಕೊನೆಗೆ ಕೈ ಚೆಲ್ಲಿದ. ಜೈಲಿಗಿಂತ ಇದೇ ವಾಸಿ ಎಂದು ಅವನು ಎದ್ದು ನಿಂತ. ಇದನ್ನು ಹೇಳುವಾಗ ಹಿಂದಿನ ಬೆಂಚುಗಳ ಕಡೆ ತಿರುಗಿ ನಿಲ್ಲಬೇಕು ಎಂದು ಸಮಿತಿಯ ಅಧ್ಯಕ್ಷೆ ಅಂದಳು. ತಿರುಗಿದ. ಎಲ್ಲಿ, ಯಾರನ್ನು, ಎಷ್ಟು ವರ್ಷದಿಂದ, ಯಾರನ್ನೂ ಕೇಳದೆ ಎಂಬುದನ್ನು ಹದಿನೇಳು ಮುಖಗಳ ಮುಂದೆ ತನ್ನ ಬಾಯಿಂದಲೇ ಇನ್ನೊಂದು ಸಲ ಹೇಳಿದ. ಈ ಸಲ ನಗಲಿಲ್ಲ. ಮಧ್ಯದಲ್ಲಿ ಎರಡು ಸಲ ದನಿ ಬಿತ್ತು. ಆಗೆಲ್ಲ ತಕ್ಕಡಿಯಕ್ಕ ಪೆನ್ನು ನಿಲ್ಲಿಸಿ, "ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ" ಅಂದಳು. ಅವನು ಹೇಳಿದ.

ಬರೆದು ಮುಗಿಸಿ, ಕಾಗದವನ್ನು ಅವನ ಕಡೆ ತಿರುಗಿಸಿ, ಸಹಿ ಹಾಕಬೇಕಾದ ಜಾಗವನ್ನು ಬೆರಳಿಟ್ಟು ತೋರಿಸಿದಳು. ಅವನು ಹಾಕಿದ. ಅಕ್ಷರ ವಕ್ರವಾಗಿ ಬಂತು. ಅದು ಒಣಗುವವರೆಗೆ ಅವಳು ಅವನನ್ನು ಅಲ್ಲೇ ನಿಲ್ಲಿಸಿಕೊಂಡಳು.